ಕುಮಾರಪರ್ವತವೋ, ಕುದುರೆಮುಖವೋ, ತಡಿಯಂಡಮೋಳೋ: ಮಲೆನಾಡಿನ ಚಾರಣಕ್ಕೆ ಹಾದಿ ಆರಿಸಿಕೊಳ್ಳುವ ಬಗೆ

ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ. ಅದರ ನೆತ್ತಿಯ ಹತ್ತಿರದವರೆಗೂ ರಸ್ತೆ ಇದೆ. ವಾಹನ ನಿಲ್ಲಿಸಿ ಕೆಲವು ನೂರು ಮೆಟ್ಟಿಲು ಹತ್ತಿದರೆ 1,930 ಮೀಟರ್ ಎತ್ತರದಲ್ಲಿ ನಿಂತಿರುತ್ತೇವೆ. ಅದಕ್ಕಿಂತ ಇನ್ನೂರು ಮೀಟರಿಗೂ ಹೆಚ್ಚು ತಗ್ಗಾದ ಕುಮಾರಪರ್ವತವನ್ನು ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಹತ್ತಿದವರು ಮರುದಿನ ಮನೆಯ ಮೆಟ್ಟಿಲನ್ನೂ ಗೋಡೆ ಹಿಡಿದೇ ಇಳಿಯುತ್ತಾರೆ. ಕಾರಣ ಸರಳವಾಗಿದೆ. ಕುಕ್ಕೆ ಪೇಟೆ ಘಟ್ಟದ ಬುಡದಲ್ಲಿ, ಸಮುದ್ರಮಟ್ಟದಿಂದ ನೂರು ಚಿಲ್ಲರೆ ಮೀಟರ್ ಎತ್ತರದಲ್ಲಷ್ಟೇ ಇದೆ. ಶಿಖರ 1,712 ಮೀಟರಿನಲ್ಲಿದೆ. ನಡುವಿನ ಒಂದೂವರೆ ಸಾವಿರ ಮೀಟರಿಗೂ ಹೆಚ್ಚಿನ ಏರನ್ನು ಪೂರ್ತಿಯಾಗಿ ಕಾಲಿನಿಂದಲೇ ಗಳಿಸಬೇಕು. ಚಾರಣಕ್ಕೆ ಹಾದಿ ಆರಿಸುವಾಗ ಬೆಟ್ಟದ ಎತ್ತರವನ್ನು ನೋಡುವುದಕ್ಕಿಂತ ಹಾದಿಯ ಏರನ್ನು ನೋಡಬೇಕು ಎಂದು ನಾನು ಹೇಳುವುದು ಇದಕ್ಕಾಗಿಯೇ.

ಈ ಬರಹದಲ್ಲಿ ಪಶ್ಚಿಮ ಘಟ್ಟದ ಐದು ಹಾದಿಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ನೋಡಿದ್ದೇನೆ: ಕುಮಾರಪರ್ವತ, ಕುದುರೆಮುಖ, ಕೊಡಗಿನ ತಡಿಯಂಡಮೋಳ್, ಕೊಡಚಾದ್ರಿ, ಹಾಗೂ ಬಂಡಾಜೆ ಅರ್ಬಿ ಎಂಬ ಜಲಪಾತದಿಂದ ಬಲ್ಲಾಳರಾಯನ ದುರ್ಗಕ್ಕೆ ಹತ್ತುವ ದಾರಿ. ಇವುಗಳಲ್ಲಿ ಯಾವುದು ಚೆಂದ ಎಂಬ ಪ್ರಶ್ನೆಗೆ ಉತ್ತರವಿಲ್ಲ, ಐದೂ ಚೆಂದವೇ. ಯಾವ ಹಾದಿಯಲ್ಲಿ ಎಷ್ಟು ಏರಬೇಕು, ನೆರಳು ಎಲ್ಲಿಗೆ ಮುಗಿಯುತ್ತದೆ, ನೀರು ಎಲ್ಲಿ ಸಿಗುತ್ತದೆ, ತಂಡದಲ್ಲಿ ಒಬ್ಬರಿಗೆ ಸಾಕೆನಿಸಿದರೆ ಎಲ್ಲಿಂದ ಹಿಂತಿರುಗಬಹುದು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರವಿದೆ.

ಏರಿನ ಲೆಕ್ಕಕ್ಕೆ ಹಳೆಯದೊಂದು ಸೂತ್ರವಿದೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ ಈ ಸೂತ್ರವನ್ನು ಇಂದಿನ ಮೆಟ್ರಿಕ್ ಲೆಕ್ಕಕ್ಕೆ ತಂದರೆ, ಪ್ರತಿ ಐದು ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ ಸೇರಿಸಬೇಕು. ಕುಕ್ಕೆಯಿಂದ ಶಿಖರಕ್ಕೆ ಸುಮಾರು 12–13 ಕಿಲೋಮೀಟರ್ ಎಂದಿಟ್ಟುಕೊಂಡರೆ ನಡಿಗೆಗೆ ಎರಡೂವರೆ ಗಂಟೆ, ಏರಿಗೆ ಎರಡೂವರೆ ಗಂಟೆ, ಒಟ್ಟು ಐದು ಗಂಟೆ ಎಂದಾಗುತ್ತದೆ. ಆದರೆ ಇದು ತಂಪು ದೇಶದಲ್ಲಿ, ಅಭ್ಯಾಸವಿದ್ದವರು, ಎಲ್ಲೂ ಕೂರದೆ ನಡೆದಾಗಿನ ಲೆಕ್ಕ. ಕರಾವಳಿಯ ಸೆಕೆಯಲ್ಲಿ ಬೆವರು ಆರದ ಕಾಡಿನ ಹಾದಿ ಹತ್ತುವ ನಮ್ಮಂಥವರು ಇದಕ್ಕೆ ಅರ್ಧದಷ್ಟನ್ನಾದರೂ ಸೇರಿಸಿಕೊಳ್ಳಬೇಕು. ಇಳಿಯುವುದಕ್ಕೆ ಹತ್ತಿದ ಸಮಯದ ಅರ್ಧ ಸಾಕು ಎಂದು ಹಲವರು ಅಂದುಕೊಳ್ಳುತ್ತಾರೆ. ಬೇರು, ಜಲ್ಲಿ, ಒದ್ದೆ ಬಂಡೆಗಳ ಇಳಿಜಾರಿನಲ್ಲಿ, ಅದೂ ಮಂಡಿ ಸೋತ ಮೇಲೆ, ಹಾಗಾಗುವುದು ಅಪರೂಪ.

ಕುಮಾರಪರ್ವತಕ್ಕೆ ಎರಡು ಕಡೆಯಿಂದ ಹತ್ತಬಹುದು, ಆ ಎರಡೂ ಹಾದಿಗಳು ಎರಡು ಬೇರೆ ಬೆಟ್ಟಗಳೇನೋ ಎಂಬಷ್ಟು ಬೇರೆಯಾಗಿವೆ. ಕುಕ್ಕೆಯ ಕಡೆಯ ಹಾದಿ ಮೊದಲ ಅರ್ಧದಲ್ಲಿ ದಟ್ಟ ಕಾಡಿನೊಳಗೆ, ಮರದ ಬೇರುಗಳೇ ಮೆಟ್ಟಿಲಾದ ಏರಿನಲ್ಲಿ ಸಾಗಿ, ಗಿರಿಗದ್ದೆಯ ಭಟ್ಟರ ಮನೆಯ ಹತ್ತಿರ ಬಯಲಿಗೆ ಬರುತ್ತದೆ. ಅಲ್ಲಿಂದ ಮುಂದೆ ಮರ ಕಡಿಮೆ, ಹುಲ್ಲೇ ಹೆಚ್ಚು. ಕಲ್ಲುಮಂಟಪ ದಾಟಿ ಶೇಷಪರ್ವತದ ನೆತ್ತಿಗೆ ಬಂದು, ಇನ್ನೇನು ಮುಗಿಯಿತು ಎಂದುಕೊಂಡವರಿಗೆ ಎದುರಿನಲ್ಲಿ ಇನ್ನೊಂದು ಬೆಟ್ಟ ಕಾಣುತ್ತದೆ, ಅದೇ ಕುಮಾರಪರ್ವತ. ಮೊದಲ ಸಲ ಹೋದವರ ಮುಖ ಅಲ್ಲಿ ಬಾಡುವುದನ್ನು ನಾನು ಹಲವು ಸಲ ನೋಡಿದ್ದೇನೆ. ಶೇಷಪರ್ವತದಿಂದ ಒಂದಿಷ್ಟು ಇಳಿದು, ಶೋಲಾ ಎಂಬ ಗಿಡ್ಡ ಮರಗಳ ಕಾಡು ಹೊಕ್ಕು, ಮತ್ತೆ ಬಂಡೆಯೇರಿ ಶಿಖರ ತಲುಪಬೇಕು. ಸೋಮವಾರಪೇಟೆ ಕಡೆಯ ಬೀದಹಳ್ಳಿಯಿಂದ ಹೊರಟರೆ ಹಾದಿ ಆರೇಳು ಕಿಲೋಮೀಟರಿಗೆ ಮುಗಿಯುತ್ತದೆ, ಹೊರಡುವ ಜಾಗವೇ ಘಟ್ಟದ ಮೇಲಿರುವುದರಿಂದ ಏರೂ ಬಹಳ ಕಡಿಮೆ, ಬಹುಪಾಲು ನೆರಳು. ಆದರೆ ಶಿಖರದ ಹತ್ತಿರ ಅಗಲವಾದ ಬಂಡೆಗಳ ಮೇಲೆ ಹತ್ತಬೇಕಾಗುತ್ತದೆ. ಮಳೆ ಬಿದ್ದ ದಿನ ಅವು ಪಾಚಿ ಕಟ್ಟಿದ ಬಾವಿಕಟ್ಟೆಯಂತೆ ಜಾರುತ್ತವೆ.

ಬೀದಹಳ್ಳಿಯಿಂದ ಹತ್ತಿ ಕುಕ್ಕೆಗೆ ಇಳಿಯುವುದು ಜಾಣತನ ಎಂಬ ಮಾತು ಚಾರಣಿಗರಲ್ಲಿ ಪ್ರಚಲಿತವಿದೆ. ಉಸಿರಿಗೆ ಅದು ನಿಜ, ಮಂಡಿಗೆ ಅಲ್ಲ. ಒಮ್ಮೆ ನಾವು ಹಾಗೆ ಹೊರಟಾಗ ನಮ್ಮ ಭಾವನವರು ಆ ವಾರವಷ್ಟೇ ಕೊಂಡ ಶೂ ತೊಟ್ಟು ಬಂದಿದ್ದರು. ಹತ್ತುವಾಗ ಏನೂ ತೊಂದರೆಯಿರಲಿಲ್ಲ. ಶೇಷಪರ್ವತದಿಂದ ಕೆಳಗೆ ಇಳಿಜಾರಿನುದ್ದಕ್ಕೂ ಬೆರಳುಗಳು ಶೂವಿನ ಮೂತಿಗೆ ಗುದ್ದುತ್ತಾ ಬಂದು, ಗಿರಿಗದ್ದೆಯಲ್ಲಿ ಕಾಲುಚೀಲ ಬಿಚ್ಚಿದಾಗ ಎರಡೂ ಹೆಬ್ಬೆರಳಿನ ಉಗುರುಗಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ಉಳಿದ ಕಾಡುಹಾದಿಯನ್ನು ಅವರು ಹವಾಯಿ ಚಪ್ಪಲಿಯಲ್ಲಿ, ಕಡಿದಾದ ಕಡೆ ಹಿಮ್ಮುಖವಾಗಿ, ಒಂದೊಂದೇ ಬೇರು ಹಿಡಿದು ಇಳಿದರು. ಎರಡು ಗಂಟೆಯ ದಾರಿಗೆ ನಾಲ್ಕು ಗಂಟೆಯಾಯಿತು, ಕೊನೆಯ ಭಾಗವನ್ನು ಟಾರ್ಚಿನ ಬೆಳಕಿನಲ್ಲಿ ಮುಗಿಸಿದೆವು. ಒಂದೂವರೆ ಸಾವಿರ ಮೀಟರ್ ಇಳಿಯುವುದೆಂದರೆ ಏನೆಂದು ಹತ್ತುವ ಮೊದಲೇ ಲೆಕ್ಕ ಹಾಕಿದ್ದರೆ ಬೀದಹಳ್ಳಿಯಿಂದಲೇ ಹತ್ತಿ ಅಲ್ಲಿಗೇ ಇಳಿಯುತ್ತಿದ್ದೆವು. ಉಗುರನ್ನು ಹೊರಡುವ ಮುನ್ನ ಕತ್ತರಿಸಿಕೊಳ್ಳುವುದು, ಶೂ ಅರ್ಧ ಅಳತೆ ದೊಡ್ಡದಿರುವಂತೆ ನೋಡಿಕೊಳ್ಳುವುದು, ಹೊಸ ಶೂವನ್ನು ಎರಡು ವಾರ ಊರಿನಲ್ಲೇ ತೊಟ್ಟು ಪಳಗಿಸುವುದು, ಈ ಮೂರನ್ನೂ ಅಂದಿನಿಂದ ನಮ್ಮ ಮನೆಯಲ್ಲಿ ಯಾರಿಗೂ ಹೇಳಬೇಕಾಗಿ ಬಂದಿಲ್ಲ.

ಕುದುರೆಮುಖ ಇದಕ್ಕೆ ಪೂರ್ತಿ ವಿರುದ್ಧ ಸ್ವಭಾವದ ಹಾದಿ. ಶಿಖರದ ಎತ್ತರ 1,890 ಮೀಟರಿನ ಆಸುಪಾಸು, ಅಂದರೆ ಕುಮಾರಪರ್ವತಕ್ಕಿಂತ ಹೆಚ್ಚು. ಕಳಸದ ಕಡೆಯ ಮುಳ್ಳೋಡಿಯಿಂದ ಹೋಗಿಬರಲು ಇಪ್ಪತ್ತು ಕಿಲೋಮೀಟರ್ ನಡೆಯಬೇಕು. ಆದರೂ ಇದು ಕುಕ್ಕೆಯ ಹಾದಿಗಿಂತ ಹಗುರ, ಏಕೆಂದರೆ ಏರು ಒಂದೇ ಸಮನೆ ಎದೆಗೆ ಬಡಿಯುವುದಿಲ್ಲ. ಹಾದಿ ದಿಣ್ಣೆಯಿಂದ ದಿಣ್ಣೆಗೆ ಬಳಸಿಕೊಂಡು ಹೋಗುತ್ತದೆ. ಒಂದು ದಿಣ್ಣೆ ಹತ್ತಿದ ಮೇಲೆ ಸ್ವಲ್ಪ ಸಮತಟ್ಟು, ಮುಂದಿನ ಮಡಿಕೆಯಲ್ಲಿ ಒಂದು ತುಂಡು ಶೋಲಾ ಕಾಡು, ಅದರೊಳಗೊಂದು ತೊರೆ, ಮತ್ತೆ ಹುಲ್ಲಿನ ಬೆನ್ನು. ಶೋಲಾ ಎಂದರೆ ಬೆಟ್ಟಗಳ ಮಡಿಕೆಗಳಲ್ಲಿ, ಗಾಳಿ ತಾಗದ ಕಡೆ ಗಿಡ್ಡ ಮರಗಳು ಒತ್ತೊತ್ತಾಗಿ ಬೆಳೆದ ಕಾಡು. ಮಳೆಗಾಲದ ನೀರನ್ನು ಈ ಕಾಡೂ ಸುತ್ತಲ ಹುಲ್ಲುಗಾವಲೂ ಹೀರಿಕೊಂಡು ತಿಂಗಳುಗಟ್ಟಲೆ ಬಿಟ್ಟುಕೊಡುವುದರಿಂದಲೇ ಇಲ್ಲಿಯ ತೊರೆಗಳು ಮಳೆ ನಿಂತ ಮೇಲೂ ಹರಿಯುತ್ತವೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವುದು ಇದೇ ಬೆಟ್ಟಸಾಲಿನಲ್ಲಿ. ಕಬ್ಬಿಣದ ಅದಿರಿನ ಗಣಿಗಾರಿಕೆ ಇಲ್ಲಿ 2005ರ ಕೊನೆಯವರೆಗೂ ನಡೆದಿತ್ತು, ಸುಪ್ರೀಂ ಕೋರ್ಟಿನ ಆದೇಶದಿಂದ ನಿಂತಿತು.

ಕುದುರೆಮುಖದ ಕಷ್ಟ ಬೇರೆ ಕಡೆಯಿದೆ. ಹಾದಿ ಹಲವು ತೊರೆಗಳನ್ನು ದಾಟುತ್ತದೆ. ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ನೀರು ಮಧ್ಯಾಹ್ನದ ಒಂದು ಜಡಿಮಳೆಗೆ ಮೊಣಕಾಲು ಮೀರಿ, ಹಿಂತಿರುಗುವ ದಾರಿಯನ್ನೇ ಮುಚ್ಚಬಹುದು. ಕಲಕಿದ ನೀರು ಮೊಣಕಾಲು ಮುಟ್ಟಿದಾಗ ದಾಟದೆ ಕಾಯುವುದೇ ಸರಿ. ಮಲೆನಾಡಿನ ಸಣ್ಣ ಹಳ್ಳ ಎಷ್ಟು ಬೇಗ ಏರುತ್ತದೆಯೋ ಅಷ್ಟೇ ಬೇಗ ಇಳಿಯುತ್ತದೆ. ಒಂಟಿಮರ ಎಂಬ ಜಾಗ ದಾಟಿದ ಮೇಲೆ ಹುಲ್ಲಿನ ಬೆನ್ನಿನ ಮೇಲೆ ನೆರಳಿಲ್ಲ, ಗಾಳಿಗೆ ಅಡ್ಡವಿಲ್ಲ. ಸಾವಿರ ಮೀಟರ್ ಏರಿದರೆ ತಾಪಮಾನ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಒದ್ದೆ ಬಟ್ಟೆಯ ಮೇಲೆ ಗಾಳಿ ಬೀಸಿದಾಗ ಚಳಿ ಆ ಲೆಕ್ಕಕ್ಕೂ ಸಿಗುವುದಿಲ್ಲ. ಮಂಜು ಕವಿದರೆ ಹತ್ತು ಹೆಜ್ಜೆ ಮುಂದಿರುವವರು ಕಾಣದಾಗುತ್ತಾರೆ. ಇಷ್ಟಿದ್ದರೂ ನಡಿಗೆಯ ಅಭ್ಯಾಸವಿದ್ದು ಬೆಟ್ಟಕ್ಕೆ ಹೊಸಬರಾದವರಿಗೆ ನಾನು ಕುಮಾರಪರ್ವತಕ್ಕಿಂತ ಮೊದಲು ಸೂಚಿಸುವುದು ಕುದುರೆಮುಖವನ್ನೇ. ಸಾಕೆನಿಸಿದ ಯಾವ ದಿಣ್ಣೆಯ ಮೇಲೆ ನಿಂತರೂ ಅಲ್ಲಿಯವರೆಗಿನ ನಡಿಗೆ ಪೂರ್ತಿ ಅನಿಸುತ್ತದೆ. ಕುಕ್ಕೆಯ ಕಡೆ ಅರ್ಧಕ್ಕೆ ಹಿಂತಿರುಗಿದವರಿಗೆ ಕಾಣುವುದು ಮರದ ಬೇರು ಮಾತ್ರ.

ಮಕ್ಕಳಿದ್ದ ಮನೆಯವರು, ಅರವತ್ತು ದಾಟಿದವರು, ಅರ್ಧ ದಿನದಲ್ಲಿ ಮುಗಿಯಬೇಕು ಎನ್ನುವವರು ತಡಿಯಂಡಮೋಳನ್ನು ಆರಿಸಿಕೊಳ್ಳಬಹುದು. ಇದು 1,748 ಮೀಟರ್ ಎತ್ತರವಿದ್ದು ಕೊಡಗಿನ ಅತಿ ಎತ್ತರದ ಬೆಟ್ಟ. ಕಕ್ಕಬ್ಬೆಯ ಹತ್ತಿರ, ದೊಡ್ಡ ವೀರರಾಜೇಂದ್ರ 1790ರ ದಶಕದಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆಯ ಬಳಿಯಿಂದ ಹಾದಿ ಹೊರಡುತ್ತದೆ. ಮೊದಲ ಭಾಗ ಅಗಲವಾದ ಮಣ್ಣುರಸ್ತೆ, ನಡುವೆ ತೊರೆ, ಆಮೇಲೆ ತೆರೆದ ಹುಲ್ಲು, ಕೊನೆಯಲ್ಲಿ ಮಾತ್ರ ಶೋಲಾ ಕಾಡಿನೊಳಗೆ ಕೈಯೂರಿ ಹತ್ತುವಂಥ ಕಡಿದಾದ ಏರು. ಹಾದಿಯ ಒಳ್ಳೆಯ ಗುಣವೇ ಈ ಜೋಡಣೆ. ಕಷ್ಟವೆಲ್ಲ ಕೊನೆಗಿರುವುದರಿಂದ ತಂಡದ ಹಿರಿಯರು ಕೊನೆಯ ಏರಿನ ಬುಡದಲ್ಲಿ ಕುಳಿತು ಕಣಿವೆ ನೋಡುತ್ತಿರಬಹುದು, ಉಳಿದವರು ಹತ್ತಿ ಇಳಿದು ಬರಬಹುದು. ಯಾರಿಗೂ ಇನ್ನೊಬ್ಬರಿಂದಾಗಿ ದಿನ ಹಾಳಾಯಿತು ಎನಿಸುವುದಿಲ್ಲ. ಕೊಡಗಿನ ಕಾಡಿನಲ್ಲಿ ಆನೆಗಳಿವೆ ಎಂಬುದನ್ನು ಮಾತ್ರ ಮರೆಯಬಾರದು. ಹಾದಿಯಲ್ಲಿ ಹಸಿ ಲದ್ದಿ, ಆಗತಾನೇ ಮುರಿದ ಬಿದಿರು ಕಂಡರೆ ನಿಂತು ಕಿವಿಗೊಡಬೇಕು, ಜೊತೆಗಿರುವ ಸ್ಥಳೀಯರು ಹಿಂತಿರುಗೋಣ ಎಂದರೆ ಚರ್ಚೆಗಿಳಿಯದೆ ತಿರುಗಬೇಕು.

ಕೊಡಚಾದ್ರಿಯ ಮಾತು ಬಂದಾಗ ಮೊದಲು ಕೇಳಬೇಕಾದ್ದು ಹೇಗೆ ಹೋಗುತ್ತೀರಿ ಎಂದು. 1,343 ಮೀಟರಿನ ಈ ಬೆಟ್ಟಕ್ಕೆ ಜೀಪು ಮೂಲ ಮೂಕಾಂಬಿಕೆಯ ಗುಡಿಯವರೆಗೂ ಹೋಗುತ್ತದೆ, ಅಲ್ಲಿಂದ ಸರ್ವಜ್ಞ ಪೀಠಕ್ಕೆ ಉಳಿಯುವುದು ಒಂದೆರಡು ಕಿಲೋಮೀಟರ್ ಅಷ್ಟೇ. ಆ ಜೀಪಿನ ದಾರಿ ಎಷ್ಟು ಕುಲುಕುತ್ತದೆಂದರೆ, ಸೊಂಟನೋವಿದ್ದವರಿಗೆ ನಡೆದೇ ಹತ್ತುವುದು ಮೇಲು ಎಂದು ನನಗೆ ಅನಿಸಿದ್ದಿದೆ. ನಡೆಯುವವರಿಗೆ ನಿಟ್ಟೂರಿನ ಕಡೆಯಿಂದ ಹಿಡ್ಲುಮನೆ ಜಲಪಾತದ ಪಕ್ಕ ಹತ್ತುವ ಹಾದಿಯೂ, ಕೊಲ್ಲೂರಿನ ಕಡೆಯಿಂದ ಕಾಡಿನೊಳಗೆ ಬರುವ ಉದ್ದನೆಯ ಹಾದಿಯೂ ಇವೆ. ಹಿಡ್ಲುಮನೆಯ ಹಾದಿ ಗಿಡ್ಡ ಆದರೆ ಕಡಿದು. ಜಲಪಾತದ ಪಕ್ಕದ ಬಂಡೆಗಳು ಮಳೆ ನಿಂತು ತಿಂಗಳಾದರೂ ಒಣಗಿರುವುದಿಲ್ಲ. ಇಲ್ಲಿ ಹತ್ತುವುದು ಸರಿ, ಇಳಿಯಲು ಜೀಪಿನ ದಾರಿಯೇ ವಾಸಿ. ಹತ್ತುವಾಗ ಶಕ್ತಿ, ಇಳಿಯುವಾಗ ಹೊತ್ತು ಎರಡೂ ಉಳಿಯಬೇಕೆನ್ನುವವರಿಗೆ ಐದರಲ್ಲಿ ಹೊಂದುವುದು ಕೊಡಚಾದ್ರಿ. ಏಕಾಂತ ಬೇಕೆನ್ನುವವರಿಗೆ ಹೊಂದುವುದಿಲ್ಲ, ಜೀಪಿನಲ್ಲಿ ಬಂದವರ ಜಾತ್ರೆ ಮೇಲೆ ಕಾದಿರುತ್ತದೆ.

ಈ ಭಾಗಕ್ಕೆ ಹೋಗುವವರು ತಿಳಿದಿರಬೇಕಾದ ಇನ್ನೊಂದು ಸಂಗತಿ ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ಉಣುಗಿನ ಕಡಿತದಿಂದ ಹರಡುತ್ತದೆ. ಚಾರಣಕ್ಕೆ ಹಿತವಾದ ಡಿಸೆಂಬರಿನಿಂದ ಬೇಸಿಗೆಯವರೆಗಿನ ತಿಂಗಳುಗಳೇ ಇದಕ್ಕೂ ಕಾಲ. ಜನ ಇಂಬಳಕ್ಕೆ ಹೆದರುತ್ತಾರೆ, ಉಣುಗನ್ನು ಲೆಕ್ಕಕ್ಕೇ ಇಡುವುದಿಲ್ಲ. ವಾಸ್ತವದಲ್ಲಿ ಇಂಬಳ ಕಚ್ಚಿದರೆ ರಕ್ತ ಸ್ವಲ್ಪ ಹೊತ್ತು ಹೆಪ್ಪುಗಟ್ಟದೆ ಜಿನುಗುತ್ತದೆ, ಎರಡು ದಿನ ತುರಿಸುತ್ತದೆ, ಅಷ್ಟೇ. ಉಪ್ಪೋ ಸುಣ್ಣವೋ ತಾಗಿಸಿದರೆ ತಾನೇ ಉದುರುತ್ತದೆ. ಎಳ್ಳುಕಾಳಿಗಿಂತ ಚಿಕ್ಕದಾದ ಎಳೆಯ ಉಣುಗು ಮೈಮೇಲೆ ಕೂತದ್ದೇ ತಿಳಿಯುವುದಿಲ್ಲ. ತುಂಬು ತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು, ಒಣ ಎಲೆಗಳ ಮೇಲೆ ನೇರವಾಗಿ ಕೂರದಿರುವುದು, ಹಿಂತಿರುಗಿದ ಕೂಡಲೇ ಬಿಸಿನೀರಿನ ಸ್ನಾನ ಇವಿಷ್ಟನ್ನು ಪಾಲಿಸಬೇಕು. ಸತ್ತ ಮಂಗ ಕಂಡ ಜಾಗದ ಹತ್ತಿರ ಸುಳಿಯಬಾರದು. ನಡೆದು ಬಂದ ವಾರ ಹತ್ತು ದಿನಗಳೊಳಗೆ ಜ್ವರ ಬಂದರೆ ಯಾವ ಕಾಡಿಗೆ ಹೋಗಿದ್ದೆವೆಂದು ವೈದ್ಯರಿಗೆ ನಾವಾಗಿಯೇ ಹೇಳಬೇಕು.

ಐದನೆಯದು ಬಂಡಾಜೆ. ಅರ್ಬಿ ಎಂದರೆ ತುಳುವಿನಲ್ಲಿ ಜಲಪಾತ. ಬೆಳ್ತಂಗಡಿ ತಾಲ್ಲೂಕಿನ ವಳಂಬ್ರದ ಕಡೆಯಿಂದ ಕಾಡಿನಲ್ಲಿ ಹತ್ತಿ, ನೀರು ಧುಮುಕುವ ಅಂಚಿಗೇ ಬಂದು ನಿಂತು, ಅಲ್ಲಿಂದ ಹುಲ್ಲಿನ ಬೆನ್ನು ಹಿಡಿದು ಬಲ್ಲಾಳರಾಯನ ದುರ್ಗ ತಲುಪಿ, ಮೂಡಿಗೆರೆ ಕಡೆಯ ಸುಂಕಸಾಲೆಗೆ ಇಳಿಯಬಹುದು. ಕರಾವಳಿಯ ಬುಡದಿಂದ ಘಟ್ಟದ ಮೇಲಕ್ಕೆ ದಾಟುವ ಹಾದಿಯಾದ್ದರಿಂದ ಏರಿನ ವಿಷಯದಲ್ಲಿ ಕುಕ್ಕೆಗೆ ಸರಿಸಾಟಿಯಾಗಿ ನಿಲ್ಲುವುದು ಇದೊಂದೇ. ಕಾಡಿನೊಳಗಿನ ಕವಲುಗಳು ಗೊಂದಲ ಹುಟ್ಟಿಸುವಂತಿವೆ, ಹಾದಿ ಬಲ್ಲ ಊರಿನವರಿಲ್ಲದೆ ಹೋಗಲೇಬಾರದು. ದುರ್ಗ ಮಾತ್ರ ನೋಡಿದರೆ ಸಾಕೆನ್ನುವವರು ಸುಂಕಸಾಲೆಯಿಂದಲೇ ಹತ್ತಿದರೆ ಅದು ಬೆಳಗಿನ ನಾಲ್ಕು ಗಂಟೆಗಳ ಕೆಲಸ. ಕೋಟೆಯ ಗೋಡೆಯ ಮೇಲಿಂದ ಚಾರ್ಮಾಡಿ ಕಣಿವೆ ಕಾಣುವುದಕ್ಕೆ ವಳಂಬ್ರದಿಂದ ಬೆವರಿಳಿಸಿ ಬರಬೇಕೆಂದೇನಿಲ್ಲ. ನೀರು ನೋಡುವ ಆಸೆಯಿದ್ದರೆ ಅಕ್ಟೋಬರಿನಿಂದ ಡಿಸೆಂಬರಿನೊಳಗೆ ಹೋಗಬೇಕು. ಬೇಸಿಗೆಯಲ್ಲಿ ಬಂಡೆಯ ಮೇಲೆ ಕಪ್ಪು ಗೆರೆಯೊಂದೇ ಉಳಿದಿರುತ್ತದೆ.

ಕಾಲದ ಆಯ್ಕೆ ಐದಕ್ಕೂ ಬಹುಪಾಲು ಒಂದೇ. ಜೂನಿನಿಂದ ಸೆಪ್ಟೆಂಬರಿನವರೆಗೆ ಹಸಿರು ಹೆಚ್ಚು, ನೋಟ ಕಡಿಮೆ, ಇಂಬಳ ಅಪಾರ. ಅಕ್ಟೋಬರಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಕಟ್ಟುವ ಸಂಭವವಿರುವುದರಿಂದ ಹುಲ್ಲಿನ ಬೆನ್ನಿನ ಮೇಲಿಂದ ಬೇಗ ಇಳಿಯುವಂತೆ ಹೊತ್ತು ಹೊಂದಿಸಿಕೊಳ್ಳಬೇಕು. ಮಿಂಚು ಕಂಡು ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಆಗಲೇ ತಡವಾಗಿದೆ ಎಂದರ್ಥ. ನವೆಂಬರಿನಿಂದ ಜನವರಿಯವರೆಗೆ ಎಲ್ಲ ರೀತಿಯಲ್ಲೂ ಅನುಕೂಲ. ಫೆಬ್ರವರಿಯ ಮೇಲೆ ಹುಲ್ಲು ಒಣಗಿ ಕಾಳ್ಗಿಚ್ಚಿನ ಭಯ ಹುಟ್ಟುತ್ತದೆ, ಅರಣ್ಯ ಇಲಾಖೆ ಸಾಮಾನ್ಯವಾಗಿ ಹಲವು ಹಾದಿಗಳನ್ನು ಮಳೆ ಬರುವವರೆಗೂ ಮುಚ್ಚುತ್ತದೆ.

ಅನುಮತಿಯ ವಿಷಯ ಈಚೆಗೆ ಬಿಗಿಯಾಗಿದೆ, ಆಗಬೇಕಾಗಿಯೂ ಇತ್ತು. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಜನ ಒಮ್ಮೆಲೇ ಬಂದು, ಕಾಡುಹಾದಿಯಲ್ಲಿ ಸಾಲುಗಟ್ಟಿ ನಿಂತ ದೃಶ್ಯವನ್ನು ನಾಡೆಲ್ಲ ನೋಡಿತು. ಅದಾದ ಮೇಲೆ ಸರ್ಕಾರ ಆನ್‌ಲೈನ್ ನೋಂದಣಿ ಇಲ್ಲದ ಹಾದಿಗಳಲ್ಲಿ ಚಾರಣವನ್ನು ತಡೆದು, ಅದೇ ವರ್ಷದ ಅಕ್ಟೋಬರಿನಲ್ಲಿ ಅರಣ್ಯ ವಿಹಾರ ಎಂಬ ಜಾಲತಾಣ ತೆರೆದು, ಒಂದು ಹಾದಿಗೆ ದಿನಕ್ಕೆ ಗರಿಷ್ಠ 300 ಜನ ಎಂಬ ಮಿತಿ ಹಾಕಿತು. ವಾರಾಂತ್ಯದ ಕುದುರೆಮುಖ, ಕುಮಾರಪರ್ವತಗಳ ಟಿಕೆಟ್ಟುಗಳು ಬೇಗ ಮುಗಿಯುತ್ತವೆ; ಮಂಗಳವಾರವೋ ಬುಧವಾರವೋ ರಜೆ ಹಾಕಲು ಸಾಧ್ಯವಾದರೆ ಹಾದಿಯೂ ಖಾಲಿ, ಟಿಕೆಟ್ಟೂ ಸುಲಭ. ಟಿಕೆಟ್ಟಿನಲ್ಲಿ ಹೆಸರಿದ್ದವರು ಗುರುತಿನ ಚೀಟಿ ತರಬೇಕು. ಪ್ಲಾಸ್ಟಿಕ್ ತಪಾಸಣೆಯೂ ಇರುವುದರಿಂದ ಸ್ಟೀಲ್ ಬಾಟಲಿ ಒಯ್ಯುವುದು ಮೇಲು. ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಡೇರೆ ಹಾಕಿ ರಾತ್ರಿ ಉಳಿಯುವಂತಿಲ್ಲ; ಹಳೆಯ ಬರಹಗಳಲ್ಲಿ ಶಿಖರದ ಮೇಲಿನ ಸೂರ್ಯೋದಯದ ವರ್ಣನೆ ಓದಿ ಹೊರಡುವವರು ಇದನ್ನು ಗಮನಿಸಬೇಕು. ಹಾಗೆಯೇ ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ರೈಲುಹಳಿಯ ಮೇಲೆ ನಡೆಯುವ ‘ಹಸಿರು ಹಾದಿ’ಯನ್ನು ಇಂದಿಗೂ ಕೆಲವರು ಆರನೆಯ ಆಯ್ಕೆಯಾಗಿ ಹೇಳುತ್ತಾರೆ. ಹಳಿಯ ಮೇಲೆ ನಡೆಯುವುದು 1989ರ ರೈಲ್ವೆ ಕಾಯ್ದೆಯ 147ನೆಯ ಕಲಮಿನಡಿ ಅಪರಾಧ, ಸುರಂಗದೊಳಗೆ ರೈಲು ಬಂದರೆ ಪಕ್ಕಕ್ಕೆ ಸರಿಯಲು ಜಾಗವೂ ಇರುವುದಿಲ್ಲ. ಆದ್ದರಿಂದ ಅದನ್ನು ಇಲ್ಲಿ ಹೋಲಿಕೆಗೇ ತೆಗೆದುಕೊಂಡಿಲ್ಲ.

ಸ್ವಂತ ವಾಹನವಿಲ್ಲದವರ ಆಯ್ಕೆ ಕೊನೆಗೆ ಬಸ್ಸಿನ ಮೇಲೆ ನಿಲ್ಲುತ್ತದೆ. ಕುಕ್ಕೆಗೆ ರಾತ್ರಿ ಬಸ್ಸುಗಳೂ ರೈಲೂ ಇವೆ, ಪೇಟೆಯಿಂದ ನಡೆದೇ ಹಾದಿ ಸೇರಬಹುದು. ಬೀದಹಳ್ಳಿಗೆ ಸೋಮವಾರಪೇಟೆಯಿಂದ ಬಾಡಿಗೆ ಜೀಪೋ ಆಟೋವೋ ಹಿಡಿಯುವುದು ವಾಸಿ. ಕುದುರೆಮುಖಕ್ಕೆ ಹೋಗುವವರು ಕಳಸದ ಕಡೆಗೆ ಬಂದು, ಮುಳ್ಳೋಡಿಯ ಹಾಳು ರಸ್ತೆಗೆ ಹೋಂಸ್ಟೇಯವರ ಜೀಪನ್ನು ಮೊದಲೇ ಮಾತಾಡಿಕೊಂಡಿರಬೇಕು. ತಡಿಯಂಡಮೋಳಿಗೆ ಮಡಿಕೇರಿಯಿಂದಲೋ ವಿರಾಜಪೇಟೆಯಿಂದಲೋ ಕಕ್ಕಬ್ಬೆಯ ಬಸ್ಸು ಹತ್ತಿ ಕೈಕಂಬದಲ್ಲಿ ಇಳಿದರೆ ಅರಮನೆಯವರೆಗೆ ನಡೆಯುವ ದೂರ. ಹತ್ತುವ ಮೊದಲೇ ಕಂಡಕ್ಟರರ ಹತ್ತಿರ ಕೊನೆಯ ಬಸ್ಸು ಎಷ್ಟು ಹೊತ್ತಿಗೆಂದು ಕೇಳಿಟ್ಟುಕೊಂಡು, ಶಿಖರದಿಂದ ಇಳಿಯಲು ಹೊರಡುವ ಹೊತ್ತನ್ನು ಆ ಬಸ್ಸಿನಿಂದ ಹಿಂದಕ್ಕೆ ಎಣಿಸಿ ಗೊತ್ತುಮಾಡಿಕೊಳ್ಳಬೇಕು.